ತೊಟ್ಟಿಯಲ್ಲಿರುವ ಮೀನಿಗೂ ಮೇವು ಬೇಕು

ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಊಟ ಕೊಡದೆ, ಹೊರಗೆ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿನ ಹದೀಸ್ ನಮ್ಮ ಮಕ್ಕಳಿಗೆಲ್ಲ ಗೊತ್ತು. ಬುಖಾರಿಯಲ್ಲೂ ಇದೆ, ಮುಸ್ಲಿಮ್‌ನಲ್ಲೂ ಇದೆ. ಗಾಜಿನ ತೊಟ್ಟಿಯ ಮೀನಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ ಅಂತ ನನಗನಿಸುತ್ತದೆ. ಹಸಿದ ಬೆಕ್ಕು ಕೂಗುತ್ತದೆ, ಮೀನು ಕೂಗುವುದಿಲ್ಲ.

ಉಪ್ಪುನೀರಿನ ತೊಟ್ಟಿ ಇಡುವವರು ತುಂಬಾ ಇಷ್ಟಪಡುವುದು ಹಳದಿ ಟ್ಯಾಂಗ್‌ನಂಥ ಸರ್ಜನ್ ಮೀನುಗಳನ್ನು. ಇವು ಹವಳದ ಬಂಡೆಗಳ ಮೇಲೆ ದಿನವಿಡೀ ಕುರಿಯ ಹಾಗೆ ಪಾಚಿ ಮೇಯುವ ಜೀವಿಗಳು. ದಿನಕ್ಕೆರಡು ಸಲ ಚಿಟಿಕೆ ಕಾಳು ಹಾಕಿದರೆ ಸಾಲದು. ಬಣ್ಣ ಮಾಸುತ್ತದೆ, ಹೊಟ್ಟೆ ಒಳಗೆ ಹೋಗುತ್ತದೆ, ಪಕ್ಕದ ಮೀನಿನ ಮೇಲೆ ಜಗಳಕ್ಕೆ ಬೀಳುತ್ತದೆ.

ಆರ್.ಕೆ.ಪುರಂನ ಫ್ಲ್ಯಾಟಿನಲ್ಲಿ ಕೂತವರಿಗೆ ಹತ್ತಿರದ ಸಮುದ್ರ ಅಂದ್ರೆ ಗುಜರಾತಿನದು. ಹಾಗಾಗಿ ಸುಶಿಗೆ ಬಳಸುವ ನೋರಿ ಹಾಳೆ ತಂದು ತೂಗುಹಾಕುತ್ತಾರೆ. ಉಪ್ಪು, ಮಸಾಲೆ ಇಲ್ಲದ ನೋರಿಯಾದರೆ ಅಡ್ಡಿಯಿಲ್ಲ. ಆದರೆ ತಾಜಾ ಮೇವನ್ನು ಮನೆಯಲ್ಲೇ ಬೆಳೆಯಬಹುದು.

ಅದಕ್ಕೆ ಒಳ್ಳೆಯವು ಎರಡು. ಕೆಂಪು ಬಣ್ಣದ ಗ್ರಾಸಿಲೇರಿಯಾ ಒಂದು. ರಂಜಾನಿನಲ್ಲಿ ನಾವು ಮಾಡುವ ಚೈನಾ ಗ್ರಾಸ್ ಪುಡಿಂಗ್‌ನ ಅಗರ್ ಬರುವುದು ಇಂಥ ಪಾಚಿಯಿಂದಲೇ! ಇನ್ನೊಂದು ಉಲ್ವಾ. ಕಾರವಾರ, ಭಟ್ಕಳದ ಕಡೆ ಕಲ್ಲುದಡಗಳಲ್ಲಿ ತೆಳು ಹಸಿರು ಎಲೆಯಂತೆ ಅಂಟಿರುತ್ತದಲ್ಲ, ಅದು. ತಂತಿಯಂಥ ಕೀಟೊಮಾರ್ಫಾ ನೀರು ಶುದ್ಧ ಮಾಡುತ್ತದೆ, ಆದರೆ ಮೀನುಗಳು ಅಷ್ಟಾಗಿ ಮುಟ್ಟುವುದಿಲ್ಲ.

ಪಾಚಿಯನ್ನು ಮೀನಿನ ಜೊತೆಗೇ ಬಿಟ್ಟರೆ ಬೆಳೆಯುವ ಮೊದಲೇ ಖಾಲಿ. ಪಕ್ಕದಲ್ಲೊಂದು ಸಣ್ಣ ತೊಟ್ಟಿ ಇಟ್ಟು, ಪಂಪಿನಿಂದ ನೀರು ಎರಡಕ್ಕೂ ಓಡಾಡುವಂತೆ ಮಾಡಬೇಕು. ಲೀಟರ್ ಆರ್‌ಒ ನೀರಿಗೆ ಸುಮಾರು 35 ಗ್ರಾಂ ಸಮುದ್ರ ಉಪ್ಪಿನ ಮಿಶ್ರಣ. ಅಡುಗೆ ಉಪ್ಪು ಬೇಡವೇ ಬೇಡ. ಪಾಚಿಗೆ 10-12 ಗಂಟೆ ಎಲ್‌ಇಡಿ ಬೆಳಕು ಕೊಡಿ, ಅದೂ ರಾತ್ರಿ ಹೊತ್ತು. ದೊಡ್ಡ ತೊಟ್ಟಿಯ ದೀಪ ಆರಿದಾಗ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ ಇಳಿಯುತ್ತದೆ. ಆ ಹೊತ್ತಿನಲ್ಲಿ ಪಾಚಿ ಅದನ್ನು ಹೀರಿಕೊಳ್ಳುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಮೀನಿನ ಮಲಮೂತ್ರದ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ, ಪಾಚಿ ಅದನ್ನೇ ತಿಂದು ಬೆಳೆಯುತ್ತದೆ. ಪಾಚಿಯನ್ನು ಕಿತ್ತು ಹೊರಗೆ ಹಾಕಿದರೆ ನೈಟ್ರೇಟ್ ಹೊರಗೆ ಹೋಯಿತು. ಅದೇ ಮೀನಿಗೆ ತಿನ್ನಿಸಿದರೆ? ಸುತ್ತಿ ಬಂದು ಮತ್ತೆ ಅದೇ ನೀರಿಗೆ! ‘ಪಾಚಿ ಇದೆಯಲ್ಲ, ನೀರು ಬದಲಿಸೋದು ಬೇಡ’ ಅನ್ನುವುದು ಅರ್ಧ ಸತ್ಯ ಮಾತ್ರ. ಒಂದು ಪಾಲು ಮೀನಿಗೆ, ಒಂದು ಪಾಲು ಹೊರಗೆ ಅಂತ ಇಟ್ಟುಕೊಳ್ಳಿ. ಹೊರಗೆ ಹಾಕುವುದನ್ನು ಚೆನ್ನಾಗಿ ತೊಳೆದರೆ ಗಿಡಗಳಿಗೆ ಗೊಬ್ಬರ.

ಇನ್ನು ದೆಹಲಿಯ ಬೇಸಿಗೆ. ಹೊರಗೆ 40 ಡಿಗ್ರಿ ದಾಟಿದಾಗ ತೊಟ್ಟಿಯ ನೀರನ್ನು 26ರ ಆಸುಪಾಸು ಹಿಡಿದಿಡಲು ಫ್ಯಾನ್ ಗಾಳಿ ಸಾಲದೆ ಬರಬಹುದು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ಮೇಲೆ ತುಂಬಿಸಬೇಕಾದ್ದು ಸಿಹಿನೀರು. ಕರೆಂಟು ಹೋದರೆ ಪಂಪಿಗೆ ಬ್ಯಾಟರಿ ಇರಲೇಬೇಕು.

ಅಂದಹಾಗೆ, ಸರ್ಜನ್ ಮೀನಿಗೆ 400 ಲೀಟರ್‌ನಷ್ಟಾದರೂ ತೊಟ್ಟಿ ಬೇಕು. ಅಂದ್ರೆ ನೀರಿನ ತೂಕವೇ 400 ಕಿಲೋ ದಾಟುತ್ತದೆ. ಅಷ್ಟು ಜಾಗ, ದುಡ್ಡು ಇಲ್ಲದ ವಿದ್ಯಾರ್ಥಿಗಳು ಆ ಮೀನಿನ ಆಸೆ ಬಿಡುವುದೇ ಸರಿ. ಬದಲಿಗೆ ಎಲ್ಲ ಅಂಗಡಿಗಳಲ್ಲೂ ಸಿಗುವ ಕಪ್ಪು ಮೊಲ್ಲಿ ತನ್ನಿ. ಹಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಉಪ್ಪು ಹೆಚ್ಚಿಸಿದರೆ ಅದು ಸಮುದ್ರದ ನೀರಿಗೂ ಒಗ್ಗಿಕೊಳ್ಳುತ್ತದೆ, ಎಳೆಯ ಹಸಿರು ಪಾಚಿಯನ್ನು ದಿನವಿಡೀ ಕಚ್ಚುತ್ತಾ ಇರುತ್ತದೆ.