ಸಂಧಿವಾತಕ್ಕೆ ಬೆಚ್ಚನೆಯ ನೀರಿನ ಆಸರೆ

ಇಂಗ್ಲೆಂಡಿನ ನೈಋತ್ಯ ಭಾಗದ ಬಾತ್ ನಗರದಲ್ಲಿ ಸುಮಾರು 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ದಿನವೊಂದಕ್ಕೆ ಹತ್ತು ಲಕ್ಷ ಲೀಟರಿಗೂ ಮಿಗಿಲಾಗಿ ಭೂಗರ್ಭದಿಂದ ಉಕ್ಕುತ್ತದೆ. ರೋಮನರು ಸ್ನಾನಗೃಹಗಳನ್ನು ಕಟ್ಟಿ ಬಿಟ್ಟುಹೋದ ಆ ನೆಲೆಗೆ ಮುಂದಿನ ಶತಮಾನಗಳಲ್ಲಿ ಕೀಲುಗಳು ಬಿಗಿದವರೂ ಅಂಗಗಳ ಸ್ವಾಧೀನ ತಪ್ಪಿದವರೂ ದೂರದೂರದಿಂದ ಬರುತ್ತಿದ್ದರು. ಅವರಲ್ಲಿ ಹಣವಿಲ್ಲದವರಿಗಾಗಿ 1738ರಲ್ಲಿ ಅಲ್ಲೊಂದು ಆಸ್ಪತ್ರೆಯೇ ಸ್ಥಾಪಿತವಾಯಿತು. ಆ ಆಸ್ಪತ್ರೆಯ ವೈದ್ಯ ಆಲಿವರನೂ ಶಸ್ತ್ರವೈದ್ಯ ಪಿಯರ್ಸನೂ ಮೂವರು ರೋಗಿಗಳನ್ನು ಪರೀಕ್ಷಿಸುತ್ತಿರುವ ದೃಶ್ಯವನ್ನು ವಿಲಿಯಂ ಹೋರ್ ಎಂಬ ಚಿತ್ರಕಾರನು 1761ರಲ್ಲಿ ಬರೆದಿದ್ದಾನೆ: ಒಬ್ಬರಿಗೆ ಅಂಗವಾತ, ಒಬ್ಬರಿಗೆ ಕೀಲುವಾತ, ಇನ್ನೊಬ್ಬರಿಗೆ ಚರ್ಮವ್ಯಾಧಿ. ಇಷ್ಟು ಭಿನ್ನವಾದ ವ್ಯಾಧಿಗಳಿಗೆಲ್ಲ ಒಂದೇ ನೀರು ಮದ್ದೆಂದು ನಂಬಿದ್ದ ಕಾಲವದು. ಆ ನಂಬಿಕೆಯಲ್ಲಿ ಇಂದಿಗೂ ನಿಲ್ಲತಕ್ಕದ್ದೆಷ್ಟು, ಕಳಚಿಹೋಗತಕ್ಕದ್ದೆಷ್ಟು ಎಂಬುದನ್ನು ವಿವೇಚಿಸುವುದು ಸಂಧಿವಾತದಿಂದ ನರಳುವವರಿಗೆ ಉಪಯುಕ್ತವಾದೀತು.

ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವು ಬೇರೆ. 1859ರಲ್ಲಿ ಆಲ್ಫ್ರೆಡ್ ಗ್ಯಾರಡ್ ಎಂಬ ಆಂಗ್ಲ ವೈದ್ಯನು ಪ್ರತ್ಯೇಕವಾದ ಹೆಸರಿಟ್ಟ ರುಮಟಾಯ್ಡ್ ಸಂಧಿವಾತ ಬೇರೆ. ಇಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಕೀಲಿನ ಒಳಪೊರೆಯ ಮೇಲೆ ಎರಗುತ್ತದೆ. ಆ ಪೊರೆ ಊದಿಕೊಂಡು ದಪ್ಪಗಾಗಿ, ಕಾಲಕ್ರಮದಲ್ಲಿ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯತೊಡಗುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ ಕಾಣುವ ಈ ವ್ಯಾಧಿಯು ಬಹುಮಟ್ಟಿಗೆ ಬೆರಳಿನ ಗಿಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳನ್ನು ಎಡಬಲಗಳೆರಡರಲ್ಲೂ ಒಮ್ಮೆಗೇ ಹಿಡಿಯುತ್ತದೆ. ಬೆಳಗ್ಗೆ ಎದ್ದು ಗಂಟೆ ಕಳೆದರೂ ಮುಷ್ಟಿ ಕಟ್ಟಲಾಗದು. ಹಾಲಿನ ಪಾತ್ರೆ ಎತ್ತುವುದು, ರವಿಕೆಯ ಗುಂಡಿ ಹಾಕಿಕೊಳ್ಳುವುದು, ನಲ್ಲಿ ತಿರುಗಿಸುವುದು ಎಲ್ಲವೂ ಪ್ರಯಾಸದ ಕೆಲಸಗಳಾಗುತ್ತವೆ.

ಇಂಥ ಬಿಗಿತಕ್ಕೆ ಬೆಚ್ಚನೆಯ ನೀರು ಹೇಗೆ ಒದಗುತ್ತದೆಂದರೆ, ಶಾಖದಿಂದ ಚರ್ಮದ ರಕ್ತನಾಳಗಳು ಅಗಲವಾಗಿ, ನೋವಿನ ಭಯಕ್ಕೆ ಸೆಟೆದುಕೊಂಡಿದ್ದ ಮಾಂಸಖಂಡಗಳು ಸಡಿಲುತ್ತವೆ, ಕೀಲನ್ನು ಸುತ್ತಿದ ಅಂಗಾಂಶಗಳೂ ಕೊಂಚ ಹಿಗ್ಗುವಂತಾಗುತ್ತವೆ. ಕೊಳದಲ್ಲಿ ಇಳಿದು ನಿಂತರಂತೂ ಇನ್ನೊಂದು ಉಪಕಾರವುಂಟು. ಸೊಂಟದ ಮಟ್ಟದ ನೀರಿನಲ್ಲಿ ಪಾದಗಳು ಹೊರಬೇಕಾದ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೊರಳವರೆಗೆ ನಿಂತವನ ಕಾಲಿನ ಮೇಲೆ ಉಳಿಯುವುದು ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ನೆಲದ ಮೇಲೆ ನಾಲ್ಕು ಹೆಜ್ಜೆಗೆ ಮುಖ ಕಿವಿಚುವವರು ಅಲ್ಲಿ ಕಾಲೆತ್ತಿ, ಮಡಿಸಿ, ಚಾಚಬಲ್ಲರು. ಇಂಥ ವ್ಯಾಯಾಮಕ್ಕೆಂದು ಚಿಕಿತ್ಸಾಲಯಗಳಲ್ಲಿ ಕೊಳದ ನೀರನ್ನು ಸಾಮಾನ್ಯವಾಗಿ 33ರಿಂದ 36 ಡಿಗ್ರಿಯಲ್ಲಿ ಇಡುತ್ತಾರೆ.

ಇದು ಬರಿಯ ಊಹೆಯಲ್ಲ. 1996ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 139 ಮಂದಿ ಸಂಧಿವಾತದ ರೋಗಿಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಬೆಚ್ಚನೆಯ ನೀರಿನಲ್ಲಿ ವ್ಯಾಯಾಮವನ್ನೂ, ಒಂದಕ್ಕೆ ನೀರಿನಲ್ಲಿ ಸುಮ್ಮನೆ ಕುಳಿತಿರುವುದನ್ನೂ, ಒಂದಕ್ಕೆ ನೆಲದ ಮೇಲಿನ ವ್ಯಾಯಾಮವನ್ನೂ, ಕೊನೆಯದಕ್ಕೆ ಮೈ ಸಡಿಲಿಸುವ ವಿಶ್ರಾಂತಿಕ್ರಮವನ್ನೂ ನಾಲ್ಕು ವಾರಗಳ ಕಾಲ ನಿಯಮಿಸಿದರು. ಎಲ್ಲರಿಗೂ ಅಷ್ಟಿಷ್ಟು ಹಿತವಾಯಿತಾದರೂ, ಹೆಚ್ಚಿನ ಲಾಭವಾದದ್ದು ನೀರಿನಲ್ಲಿ ವ್ಯಾಯಾಮ ಮಾಡಿದವರಿಗೆ. ಆದರೆ ಖನಿಜಜಲದ ಮಹಿಮೆ ಎಂಬ ಹಳೆಯ ಮಾತಿಗೆ ಅಷ್ಟು ಆಧಾರ ದೊರೆತಿಲ್ಲ: ಒಂಬತ್ತು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕಾಕ್ರೇನ್ ಸಮೀಕ್ಷೆಯು ಅಂಥ ಸ್ನಾನ ಇತರ ಚಿಕಿತ್ಸೆಗಳಿಗಿಂತ ಮೇಲೆಂದು ಹೇಳಲು ಸಾಕಷ್ಟು ಪ್ರಮಾಣವಿಲ್ಲವೆಂದಿತು. ಬುಗ್ಗೆಯ ನೀರೆಂದ ಮಾತ್ರಕ್ಕೆ ಅದು ನಿರಪಾಯವೂ ಅಲ್ಲ. 1978ರಲ್ಲಿ ಬಾತ್ ನಗರದ ನೀರಿನಲ್ಲಿದ್ದ ಅಮೀಬಾ ಜೀವಿಯಿಂದ ಒಬ್ಬ ಬಾಲಕಿ ಮೃತಳಾದ ಮೇಲೆ ಸಾರ್ವಜನಿಕ ಸ್ನಾನ ನಿಂತು, 2006ರಲ್ಲಿಯೇ ಅದು ಮತ್ತೆ ಆರಂಭವಾದದ್ದು. ಗುಣವಿರುವುದು ಶಾಖದಲ್ಲಿ, ನೀರು ಕೊಡುವ ಆಸರೆಯಲ್ಲಿ, ಆ ಆಸರೆಯಲ್ಲಿ ನಾವು ಆಡಿಸುವ ಕೈಕಾಲುಗಳಲ್ಲಿ.

ಆದ್ದರಿಂದ ಬಕೆಟ್ಟು ಚೊಂಬುಗಳ ನಮ್ಮ ಬಚ್ಚಲಮನೆಯವರು ಕೊಳವಿಲ್ಲವೆಂದು ಕೊರಗಬೇಕಾಗಿಲ್ಲ. ಅಗಲವಾದ ಬೋಗುಣಿಯಲ್ಲಿ ಹಿತವಾಗುವಷ್ಟೇ ಬಿಸಿಯ ನೀರು ತೆಗೆದುಕೊಂಡು, ಬೆಳಗ್ಗೆ ಹತ್ತು ಹದಿನೈದು ನಿಮಿಷ ಎರಡು ಕೈಗಳನ್ನೂ ಮಣಿಕಟ್ಟಿನ ಮೇಲಿನವರೆಗೆ ಮುಳುಗಿಸಿ, ನಿಧಾನವಾಗಿ ಮುಷ್ಟಿ ಕಟ್ಟಿ ಬಿಡುವುದು, ಹೆಬ್ಬೆರಳಿನಿಂದ ಒಂದೊಂದೇ ಬೆರಳ ತುದಿಯನ್ನು ಮುಟ್ಟುವುದು, ಮಣಿಕಟ್ಟನ್ನು ಮೇಲೆ ಕೆಳಗೆ ಬಾಗಿಸುವುದು — ಇಷ್ಟೇ ಸಾಕು. ಸ್ನಾನಕ್ಕೆ ತಗ್ಗಾದ ಮಣೆಗಿಂತ ಜಾರದ ಕಾಲುಗಳುಳ್ಳ ಎತ್ತರದ ಸ್ಟೂಲು ಮೇಲು. ಬಕೆಟ್ಟನ್ನು ಬೇರೆಯವರು ಇಟ್ಟುಕೊಡಲಿ, ಇಲ್ಲವೆ ಅರ್ಧ ಮಾತ್ರ ತುಂಬಲಿ. ಒದ್ದೆ ಟವೆಲನ್ನು ಹಿಂಡುವುದನ್ನೂ ಇತರರಿಗೆ ಬಿಡುವುದೇ ಲೇಸು.

ಕೀಲು ಕೆಂಪೇರಿ, ಮುಟ್ಟಿದರೆ ಬಿಸಿಯಾಗಿ, ಊತ ಉಲ್ಬಣಿಸಿರುವ ದಿನಗಳಲ್ಲಿ ಶಾಖವು ಬಾಧೆಯನ್ನು ಹೆಚ್ಚಿಸುವುದುಂಟು. ಆಗ ತಣ್ಣನೆಯ ಪಟ್ಟಿಯೇ ಹಲವರಿಗೆ ಹಿತ. ಜ್ವರ, ತೆರೆದ ಹುಣ್ಣು, ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳದೆ ಬಿಸಿನೀರಿನಲ್ಲಿ ಮುಳುಗಬಾರದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ನೀರಿನ ಬಿಸಿಯನ್ನು ಮೊಣಕೈಯಿಂದ, ಅಥವಾ ಮನೆಯವರ ಕೈಯಿಂದ ಪರೀಕ್ಷಿಸಿಯೇ ಕಾಲಿಡತಕ್ಕದ್ದು.

ಇಷ್ಟೆಲ್ಲ ಹೇಳಿದ ಮೇಲೂ, ದಾರಿತಪ್ಪಿದ ರಕ್ಷಣಾಶಕ್ತಿಯನ್ನು ಹದ್ದಿನಲ್ಲಿಡುವ ಸಾಮರ್ಥ್ಯ ನೀರಿಗಿಲ್ಲವೆಂಬುದನ್ನು ಮರೆಯಲಾಗದು. ಆ ಕೆಲಸ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಮೊದಲಾದ ಔಷಧಗಳದು. ಅವನ್ನು ತಜ್ಞರ ಕಣ್ಣಿನಡಿ ಬೇಗನೆ ಆರಂಭಿಸಿದಷ್ಟೂ ಎಲುಬಿನ ಕೊರೆತ ತಗ್ಗುತ್ತದೆ. ಸ್ನಾನದಿಂದ ನೋವು ಇಳಿಯಿತೆಂದು ಮಾತ್ರೆ ಬಿಟ್ಟವರ ಕೀಲು ಒಳಗೊಳಗೇ ಸವೆಯುತ್ತಿರುತ್ತದೆ; ಮಾತ್ರೆಯೊಂದನ್ನೇ ನಂಬಿ ಕೈಕಾಲಾಡಿಸದೆ ಕುಳಿತವರ ಮಾಂಸಖಂಡಗಳು ಸೊರಗುತ್ತವೆ. ವೈದ್ಯರ ಚೀಟಿಯೂ ಬೆಚ್ಚನೆಯ ನೀರೂ ಒಂದಕ್ಕೊಂದು ಬದಲಿಯಲ್ಲವೆಂದರಿತು ಎರಡನ್ನೂ ನಿಯಮದಿಂದ ನಡೆಸಿಕೊಂಡು ಹೋಗುವುದೇ ಈ ವ್ಯಾಧಿಯೊಡನೆ ಬಹುಕಾಲ ಬಾಳಬೇಕಾದವರಿಗೆ ಯೋಗ್ಯವಾದ ಮಾರ್ಗ.