ಫಲಿತಾಂಶದ ಸಂಜೆಯ ಜಪಮಾಲೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಹಲವು ಕಥೋಲಿಕ ಮನೆಗಳಲ್ಲಿ ಸಂಜೆ ಜಪಮಾಲೆ ಕೈಗೆ ಬರುತ್ತದೆ. ಮರಿಯಮ್ಮನ ಜಪ 50 ಬಾರಿ. ಓದಲು ಕೂತ ಮಗುವೂ ಪುಸ್ತಕ ಮಗುಚಿಟ್ಟು ಬರಬೇಕು. ಪರೀಕ್ಷೆಯ ದಿನಗಳಲ್ಲಿ ಬೇಡಿಕೆ ಯಾವುದೆಂದು ಹೇಳಬೇಕಿಲ್ಲ!

ಬೇಡಿದ ಅಂಕ ಬಾರದಿದ್ದರೆ? 'ನಿನಗೆ ವಿಶ್ವಾಸ ಸಾಲದು' ಎನ್ನುವ ಹಿರಿಯರಿದ್ದಾರೆ. ಅವರು ಬೈಬಲಿನ 150 ಕೀರ್ತನೆಗಳನ್ನು ತೆರೆದು ನೋಡಬೇಕು. ಹೆಸರೇನೋ ನಮ್ಮ ದಾಸರ ಹಾಡುಗಳದ್ದೇ. ಆದರೆ ಒಳಗೆ ಸ್ತುತಿಯ ಜೊತೆಗೆ ದೂರೂ ಧಾರಾಳವಾಗಿದೆ. 22ನೆಯದು ಶುರುವಾಗುವುದೇ ದೇವರು ಕೈಬಿಟ್ಟನೆಂಬ ಅಳಲಿನಿಂದ. ಯೇಸು ಶಿಲುಬೆಯ ಮೇಲೆ ಕೂಗಿದ್ದು ಅದೇ ಮಾತನ್ನು ಎನ್ನುತ್ತಾರೆ ಮತ್ತಾಯ, ಮಾರ್ಕ. ದೇವರನ್ನು ನಂಬಿದವರೇ ದೇವರೊಡನೆ ಜಗಳಕ್ಕೂ ನಿಂತರು.

ಫಲಿತಾಂಶದ ಸಂಜೆಯೂ ಮಗುವನ್ನು ಜಪಕ್ಕೆ ಕರೆಯಿರಿ. ಅಳುತ್ತ ಬಂದರೂ ಬರಲಿ. ಅಂಕದ ಮಾತು ನಾಳೆಗಿರಲಿ.