ಉತಾರದ ಹಾಳೆ, ಉತಾರದ ಲೆಕ್ಕ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ರೈತರು ‘ಉತಾರ’ ಎಂದು ಕರೆಯುವ ಪಹಣಿ ಪತ್ರಿಕೆ ನೋಡಲು ಒಂದೇ ಹಾಳೆಯಾದರೂ ಅದರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸೇರಿವೆ. ಜಮೀನು ಯಾರದು, ಎಷ್ಟು, ಅದರ ಮೇಲೆ ಯಾವ ಬೋಜಾ ಇದೆ, ಹಕ್ಕು ಬದಲಾಗಬೇಕಾದರೆ ಯಾವ ಕ್ರಮ ನಡೆಯಬೇಕು ಎಂಬುದು ಒಂದು. ಇದೆಲ್ಲವನ್ನೂ ಯಾವ ಅಂಕಣದಲ್ಲಿ, ಯಾವ ಅಕ್ಷರದಲ್ಲಿ, ಎಷ್ಟು ಅಗಲದ ಕಾಗದದ ಮೇಲೆ ತೋರಿಸಬೇಕು ಎಂಬುದು ಇನ್ನೊಂದು. ತಲಾಠಿಯ ಕೈಬರಹದ ಪುಸ್ತಕದಲ್ಲಿ ಬರೆದದ್ದೇ ದಾಖಲೆ, ಕಂಡದ್ದೇ ದಾಖಲೆಯಾಗಿದ್ದರಿಂದ ಇವೆರಡನ್ನು ಬಿಡಿಸಿ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ. ದಾಖಲೆಯು ಕಂಪ್ಯೂಟರಿಗೂ ಅಲ್ಲಿಂದ ವೆಬ್‌ಗೂ ಬಂದಾಗ ಮಾತ್ರ, ಮೊದಲನೆಯದನ್ನು ಎರಡನೆಯದರಿಂದ ಬೇರೆಯಾಗಿ ಇಡುವುದು ತಂತ್ರಾಂಶ ಕಟ್ಟುವವರ ಮೊದಲ ಹೊಣೆಯಾಯಿತು.

ಕರ್ನಾಟಕದ ಕಂದಾಯ ಇಲಾಖೆಯು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ತಂತ್ರಜ್ಞರ ನೆರವಿನಿಂದ ಕೈಗೊಂಡ ‘ಭೂಮಿ’ ಯೋಜನೆಯು ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಮೊದಲು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಸಿಗುತ್ತಿದ್ದ ಪ್ರತಿ ಈಗ ವೆಬ್‌ನಲ್ಲೂ ಮೊಬೈಲಿನಲ್ಲೂ ಕಾಣುತ್ತದೆ. ದಾಖಲೆ ಒಂದೇ ಆಗಿದ್ದು ಅದನ್ನು ತೋರಿಸುವ ಜಾಗಗಳು ಹೀಗೆ ಹೆಚ್ಚುತ್ತ ಹೋದಾಗ ಯಾವ ಬಗೆಯ ತೊಡಕು ಹುಟ್ಟುತ್ತದೆ ಎಂಬುದನ್ನು ಉತಾರದ ವಿಸ್ತೀರ್ಣದ ಅಂಕಣದಷ್ಟು ಚೆನ್ನಾಗಿ ವಿವರಿಸುವ ಉದಾಹರಣೆ ಸಿಗುವುದು ಕಷ್ಟ.

ಜಮೀನಿನ ಅಳತೆಯಲ್ಲಿ 16 ಆಣೆಗೆ 1 ಗುಂಟೆ, 40 ಗುಂಟೆಗೆ 1 ಎಕರೆ. ಅಣ್ಣ ತಮ್ಮಂದಿರಿಬ್ಬರ ಹೆಸರಿನಲ್ಲಿ ತಲಾ 1 ಎಕರೆ 25 ಗುಂಟೆ ಇದ್ದು, ಹಾಳೆಯ ಮೇಲೆ ಅದು 1.25 ಎಂದು ಮುದ್ರಿತವಾಗಿದೆ ಎಂದುಕೊಳ್ಳೋಣ. ಕಂಡ ಅಂಕಿಯನ್ನೇ ದಶಮಾಂಶವೆಂದು ತಿಳಿದು ಕೂಡಿಸುವ ತಂತ್ರಾಂಶವು ಇಬ್ಬರದೂ ಸೇರಿ 2.50 ಎಂದು ತೋರಿಸುತ್ತದೆ; ನಿಜವಾದ ಮೊತ್ತ 3 ಎಕರೆ 10 ಗುಂಟೆ. ಇಲ್ಲಿ ತಪ್ಪಿದ್ದು ಕೂಡಿಸುವ ಕ್ರಿಯೆಯಲ್ಲ, ತೋರಿಸುವುದಕ್ಕೆಂದು ಇದ್ದ ರೂಪವನ್ನೇ ಲೆಕ್ಕಕ್ಕೆ ಬಳಸಿದ್ದು. ಸರಿಯಾದ ದಾರಿಯೆಂದರೆ ವಿಸ್ತೀರ್ಣವನ್ನು ಅತಿ ಚಿಕ್ಕ ಮಾನದಲ್ಲಿ, ಅಂದರೆ ಪ್ರತಿ ಪಾಲನ್ನೂ 1040 ಆಣೆ ಎಂದು ಒಳಗೆ ಇಟ್ಟುಕೊಂಡು, ಕೂಡಿಸುವುದನ್ನೂ ಪಾಲು ಮಾಡುವುದನ್ನೂ ಅಲ್ಲಿಯೇ ಮುಗಿಸಿ, ರೈತನಿಗೆ ಎಕರೆ-ಗುಂಟೆಯಲ್ಲಿಯೂ ಬ್ಯಾಂಕಿಗೆ ಇಬ್ಬರದೂ ಸೇರಿ ಸುಮಾರು 1.32 ಹೆಕ್ಟೇರ್ ಎಂದೂ ಕೊನೆಯ ಹಂತದಲ್ಲಿ ಮಾತ್ರ ತೋರಿಸುವುದು. 1ರಿಂದ 2 ಹೆಕ್ಟೇರ್ ಉಳ್ಳವರು ಸಣ್ಣ ರೈತರೆಂಬ ನಿಯಮವನ್ನೂ ಒಳಗಿನ ಲೆಕ್ಕವೇ ತೀರ್ಮಾನಿಸಬೇಕೇ ಹೊರತು ಪರದೆಯ ಮೇಲಿನ ಪುಟವಲ್ಲ. ಪುಟವೇ ತೀರ್ಮಾನಿಸತೊಡಗಿದರೆ ವೆಬ್ ಪುಟ, ಮೊಬೈಲ್ ಪುಟ, ಮುದ್ರಣದ ಪುಟ ಎಂದು ಒಂದೇ ನಿಯಮವನ್ನು ಮೂರು ಕಡೆ ಬರೆಯಬೇಕಾಗುತ್ತದೆ, ಮತ್ತು ನಿಯಮ ಬದಲಾದ ದಿನ ಒಂದು ಕಡೆ ತಿದ್ದುವುದು ಮರೆತರೂ ಒಬ್ಬನೇ ರೈತ ಒಂದು ಪರದೆಯಲ್ಲಿ ಅರ್ಹನಾಗಿ, ಇನ್ನೊಂದರಲ್ಲಿ ಅನರ್ಹನಾಗಿ ಕಾಣುತ್ತಾನೆ.

ಈ ವಿಂಗಡಣೆಯ ಯೋಚನೆ ವೆಬ್‌ಗಿಂತ ಹಳೆಯದು. ನಾರ್ವೆಯ ಟ್ರಿಗ್ವೆ ರೀನ್‌ಸ್ಕಾಗ್ ಅವರು 1979ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದಾಗ ರೂಪಿಸಿದ ಮಾಡೆಲ್-ವ್ಯೂ-ಕಂಟ್ರೋಲರ್ ವಿನ್ಯಾಸವು ತಂತ್ರಾಂಶವನ್ನು ಮೂರು ಪಾತ್ರಗಳಾಗಿ ಹಂಚುತ್ತದೆ. ದತ್ತಾಂಶವನ್ನೂ ಅದರ ನಿಯಮಗಳನ್ನೂ ಕಾಯುವುದು ಮಾಡೆಲ್. ಕಣ್ಣಿಗೆ ಕಾಣುವ ರೂಪ ವ್ಯೂ. ಬಳಕೆದಾರನ ಕೋರಿಕೆಯನ್ನು ಪಡೆದು ಇವೆರಡರ ನಡುವೆ ಕೆಲಸ ನಡೆಸುವುದು ಕಂಟ್ರೋಲರ್. ರೈತನೊಬ್ಬ ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿ ಗುಂಡಿ ಒತ್ತಿದಾಗ ಕಂಟ್ರೋಲರ್ ಆ ಕೋರಿಕೆಯನ್ನು ಸ್ವೀಕರಿಸಿ, ಮಾಡೆಲ್‌ನಿಂದ ಆ ಜಮೀನಿನ ವಿವರ ತರಿಸಿಕೊಂಡು, ಅದನ್ನು ಟೆಂಪ್ಲೇಟಿಗೆ, ಎಂದರೆ ಹೆಸರು ಮತ್ತು ಅಂಕಿಗಳಿಗೆ ಜಾಗ ಖಾಲಿ ಬಿಟ್ಟು ಮೊದಲೇ ಸಿದ್ಧಪಡಿಸಿದ ಪುಟಕ್ಕೆ, ಒಪ್ಪಿಸುತ್ತದೆ.

ವೆಬ್‌ನ ಮೊದಲ ವರ್ಷಗಳಲ್ಲಿ ಈ ಶಿಸ್ತು ಹೆಚ್ಚಾಗಿ ಇರಲಿಲ್ಲ. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುಟದ ವಿನ್ಯಾಸ, ದತ್ತಾಂಶದ ಹುಡುಕಾಟ, ಲೆಕ್ಕ ಎಲ್ಲವನ್ನೂ ಒಂದೇ ಕಡತದಲ್ಲಿ ಬೆರೆಸಿ ಬರೆಯಬಹುದಿತ್ತು. ಅದರ ಜನಪ್ರಿಯತೆಗೆ ಈ ಸಲೀಸುತನವೂ ಒಂದು ಕಾರಣ. ನಾಲ್ಕು ಪುಟಗಳ ಶಾಲೆಯ ತಾಣಕ್ಕೆ ಇಂದಿಗೂ ಆ ರೀತಿ ಸಾಕು. ಆದರೆ ತಾಣ ಬೆಳೆದಂತೆ ಬಣ್ಣ ಬದಲಿಸಲು ಹೋದವನ ಕೈಯಲ್ಲಿ ಲೆಕ್ಕ ಕೆಡುವುದು ಸಾಮಾನ್ಯವಾಯಿತು. 2004ರ ರೂಬಿ ಆನ್ ರೈಲ್ಸ್, 2005ರ ಜಾಂಗೊ, 2011ರ ಲಾರಾವೆಲ್ ಮುಂತಾದ ಫ್ರೇಮ್‌ವರ್ಕ್‌ಗಳು, ಎಂದರೆ ಪದೇಪದೇ ಬೇಕಾಗುವ ಭಾಗಗಳನ್ನು ಮೊದಲೇ ಜೋಡಿಸಿಕೊಡುವ ಚೌಕಟ್ಟುಗಳು, ವಿಂಗಡಣೆಯನ್ನು ಕಡತಗಳ ರಚನೆಯಲ್ಲಿಯೇ ಅಳವಡಿಸಿದವು. ಇವುಗಳಲ್ಲಿ ಜಾಂಗೊ ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ. ಪ್ರೋಗ್ರಾಮ್ ಬರೆಯಲು ಬಾರದ ಪುಟವಿನ್ಯಾಸಕರೂ ಬಳಸುವಂತಿರಬೇಕೆಂದು ಅದರ ಟೆಂಪ್ಲೇಟ್ ಭಾಷೆಯನ್ನು ಬೇಕೆಂದೇ ಸೀಮಿತವಾಗಿಟ್ಟರು.

ಎಲ್ಲಿ ಗೆರೆ ಎಳೆಯಬೇಕು ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಟೆಂಪ್ಲೇಟು ದತ್ತಾಂಶವನ್ನು ಬದಲಿಸಕೂಡದು, ಅದರ ಮೇಲೆ ಲೆಕ್ಕ ಮಾಡಕೂಡದು ಎಂಬಷ್ಟು ಬಿಗಿಯಾದ ನಿಯಮಗಳನ್ನು ಕಂಪ್ಯೂಟರ್ ವಿಜ್ಞಾನಿ ಟೆರೆನ್ಸ್ ಪಾರ್ 2004ರಲ್ಲಿ ಮುಂದಿಟ್ಟರೆ, 2013ರಲ್ಲಿ ಬಂದ, ವೆಬ್ ಪುಟ ಕಟ್ಟುವ ರಿಯಾಕ್ಟ್ ಎಂಬ ಸಾಧನವು ಪುಟದ ರಚನೆಯನ್ನೂ ಅದರ ವರ್ತನೆಯನ್ನೂ ಮತ್ತೆ ಒಂದೇ ಕಡತಕ್ಕೆ ತಂದಿತು. ಇವು ಪರಸ್ಪರ ವಿರುದ್ಧವೆಂದು ಭಾವಿಸಬೇಕಿಲ್ಲ. ಪಟ್ಟಿಯನ್ನು ತೆರೆಯುವುದು ಮುಚ್ಚುವುದು, ಖಾಲಿ ಅಂಕಣಕ್ಕೆ ಅಡ್ಡಗೆರೆ ಹಾಕುವುದು ತೋರಿಕೆಯದೇ ತರ್ಕವಾದ್ದರಿಂದ ಪುಟದ ಬಳಿಯೇ ಇರಬಹುದು. ಹಕ್ಕನ್ನು ನಿರ್ಧರಿಸುವ ತರ್ಕ ಇರಬಾರದು. ಇದಕ್ಕೆ ಅಚ್ಚುಕಟ್ಟುತನಕ್ಕಿಂತ ದೊಡ್ಡ ಕಾರಣವಿದೆ. ಬ್ರೌಸರಿನಲ್ಲಿ ತೆರೆದ ಪುಟ ಬಳಕೆದಾರನ ಕೈಯಲ್ಲಿರುತ್ತದೆ, ಬಲ್ಲವನು ಅದನ್ನು ತಿದ್ದಬಲ್ಲ. ನ್ಯಾಯಾಲಯದ ತಡೆಯಾಜ್ಞೆಯಿರುವ ಜಮೀನಿನ ಪುಟದಲ್ಲಿ ಹಕ್ಕು ಬದಲಾವಣೆಯ ಗುಂಡಿಯನ್ನು ಮರೆಮಾಡಿದರಷ್ಟೇ ಸಾಲದು. ಗುಂಡಿಯಿಲ್ಲದೆಯೂ ಕೋರಿಕೆ ಕಳುಹಿಸಬಹುದಾದ್ದರಿಂದ ಸರ್ವರಿನಲ್ಲಿರುವ ನಿಯಮವೇ ಅದನ್ನು ತಡೆಯಬೇಕು.

ಕನ್ನಡದ ಮಟ್ಟಿಗೆ ಇದೇ ಬೆರಕೆ ಅಕ್ಷರದಲ್ಲಿಯೂ ನಡೆದಿತ್ತು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟುಗಳು ಕಂಪ್ಯೂಟರಿನಲ್ಲಿ ಉಳಿಸುತ್ತಿದ್ದುದು ಅಕ್ಷರವನ್ನಲ್ಲ, ಅಕ್ಷರದ ಆಕಾರದ ತುಂಡುಗಳನ್ನು. ಆ ಫಾಂಟು ಇಲ್ಲದ ಯಂತ್ರದಲ್ಲಿ ಹೆಸರು ಅರ್ಥವಿಲ್ಲದ ರೋಮನ್ ಗುರುತುಗಳಾಗಿ ಕಾಣುತ್ತಿತ್ತು, ಅಕಾರಾದಿ ಜೋಡಣೆ ಮತ್ತು ಹುಡುಕಾಟ ತಪ್ಪುತ್ತಿದ್ದವು. ಯೂನಿಕೋಡ್ ಅಕ್ಷರಕ್ಕೆ ಸಂಕೇತ ಕೊಟ್ಟು ಆಕಾರವನ್ನು ಫಾಂಟಿಗೆ ಬಿಟ್ಟಿತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರದೂ ಸೇರಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ‘ವಚನ ಸಂಚಯ’ ತಾಣದಲ್ಲಿ ಪದ ಹಿಡಿದು ಹುಡುಕಲು ಸಾಧ್ಯವಾಗಿರುವುದು ಈ ವಿಂಗಡಣೆಯಿಂದ.

ಆರಂಭದಲ್ಲಿ ಹೆಸರಿಸಿದ ನಾಲ್ಕು ತಾಲ್ಲೂಕುಗಳ ಇತ್ತೀಚಿನ ಚರಿತ್ರೆಯೇ ಇನ್ನೊಂದು ಪರೀಕ್ಷೆಯನ್ನು ಒಡ್ಡಿದೆ. 2014ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ವಿಜಯಪುರವಾಯಿತು. ಆಮೇಲೆ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆ ತಾಲ್ಲೂಕುಗಳಾದವು. ಊರು ಅಲ್ಲಿಯೇ ಇದ್ದರೂ ಅದು ಸೇರಿದ ತಾಲ್ಲೂಕು ಬೇರೆಯಾಯಿತು. ತಾಲ್ಲೂಕಿನ ಹೆಸರನ್ನು ಪುಟಗಳಲ್ಲಿಯೇ ಅಚ್ಚೊತ್ತಿದ ತಂತ್ರಾಂಶದಲ್ಲಿ ಇಂಥ ಒಂದು ಆದೇಶಕ್ಕೆ ನೂರಾರು ಪುಟಗಳನ್ನು ತಿದ್ದಬೇಕು. ದತ್ತಾಂಶದಲ್ಲಿ ಇಟ್ಟಿದ್ದರೆ ಕೆಲವು ಸಾಲುಗಳನ್ನು ಬದಲಿಸಿದರೆ ಸಾಕು. 2010ರ ದಾಖಲೆಯ ಮೇಲೆ ಬಿಜಾಪುರವೆಂದೇ ಇರಬೇಕಾದ್ದರಿಂದ ಯಾವ ದಿನದಿಂದ ಯಾವ ಹೆಸರು ಎಂಬುದೂ ಮಾಡೆಲ್‌ನ ಜ್ಞಾನವಾಗಬೇಕು. ಪುಟದಲ್ಲಿ ಪದ ಹುಡುಕಿ ಬದಲಿಸುವುದರಿಂದ ಇದು ಸಾಧ್ಯವಿಲ್ಲ.

ಆದ್ದರಿಂದ ಗ್ರಾಮ ಪಂಚಾಯಿತಿಯಾಗಲಿ, ಸಹಕಾರಿ ಸಂಘವಾಗಲಿ, ತಾಲ್ಲೂಕು ಕಚೇರಿಯಾಗಲಿ ಹೊಸ ತಂತ್ರಾಂಶ ಮಾಡಿಸುವಾಗ ಪರದೆಯ ಅಂದವನ್ನು ನೋಡುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕು: ಒಂದು ನಿಯಮ ಬದಲಾದರೆ ಎಷ್ಟು ಕಡೆ ತಿದ್ದಬೇಕು, ಮತ್ತು ಪುಟದ ರೂಪ ಬದಲಿಸುವವರು ಲೆಕ್ಕವನ್ನು ಮುಟ್ಟಬೇಕಾಗುತ್ತದೆಯೇ? ಮೊದಲನೆಯದಕ್ಕೆ ‘ಒಂದೇ ಕಡೆ’, ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರವನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು.